1/2 + 1/3 = 2/5 ಯಾಕಾಗುವುದಿಲ್ಲ? ಮಕ್ಕಳಿಗೆ ಹೇಗೆ ತೋರಿಸುವುದು?

ಕಪ್ಪುಹಲಗೆ:
ಭಿನ್ನರಾಶಿ ಕೂಡುವ ಲೆಕ್ಕ ಕೊಟ್ಟರೆ ಮಕ್ಕಳು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ 2/5 ಅಂತ ಬರೆದುಬಿಡುತ್ತಾರೆ. ಲ.ಸಾ.ಅ. (ಕೆಳಗಿನ ಎರಡೂ ಸಂಖ್ಯೆಗಳಿಂದ ಶೇಷವಿಲ್ಲದೆ ಭಾಗ ಹೋಗುವ ಅತಿ ಚಿಕ್ಕ ಸಂಖ್ಯೆ) ತೆಗೆಯಿರಿ ಅಂದರೆ ತೆಗೆಯುತ್ತಾರೆ, ವಾರ ಕಳೆದರೆ ಮತ್ತೆ ಅದೇ 2/5. ಗುಣಿಸುವಾಗ ನೇರವಾಗಿ ಮೇಲೆ ಕೆಳಗೆ ಗುಣಿಸಬಹುದಾದರೆ ಕೂಡುವಾಗ ಯಾಕಾಗದು? ಭಾಗಿಸುವಾಗ ಯಾಕೆ ತಿರುಗಿಸಬೇಕು? ನಿಯಮ ಬೇಡ, ಕಾರಣ ಬೇಕು.

ಅಳತೆಪಟ್ಟಿ:
ಮೊದಲು ಉತ್ತರವನ್ನು ಅನುಮಾನಿಸಲು ಕಲಿಸಿ. 2/5 ಅಂದರೆ 4/10. ಅರ್ಧ ಅಂದರೆ 5/10. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬರುವುದುಂಟೇ?

ಕಣ್ಣಿಗೆ ಕಾಣಿಸಲು 12 ಸೆಂ.ಮೀ. ಉದ್ದದ ಮೂರು ಕಾಗದದ ಪಟ್ಟಿ ಸಾಕು. 10 ಸೆಂ.ಮೀ. ತೆಗೆದುಕೊಳ್ಳಬೇಡಿ, ಮೂರು ಭಾಗ ಮಾಡುವಾಗ ಅಳತೆ ಕೂಡಿಬರುವುದಿಲ್ಲ. ಒಂದು ಪಟ್ಟಿಯಿಂದ ಅರ್ಧ, ಅಂದರೆ 6 ಸೆಂ.ಮೀ. ಕತ್ತರಿಸಿ. ಇನ್ನೊಂದರಿಂದ ಮೂರನೇ ಒಂದು, 4 ಸೆಂ.ಮೀ. ಎರಡನ್ನೂ ತುದಿಗೆ ತುದಿ ಸೇರಿಸಿ ಇಡೀ ಪಟ್ಟಿಯ ಪಕ್ಕದಲ್ಲಿಡಿ. 10 ಸೆಂ.ಮೀ. ಆಗುತ್ತದೆ, ತುಂಬಲು 2 ಸೆಂ.ಮೀ. ಬಾಕಿ. ಬಾಕಿ ಉಳಿದದ್ದು ಆರನೇ ಒಂದು, ಹಾಗಾಗಿ ಮೊತ್ತ 5/6. ಉತ್ತರ 2/5 ಆಗಿದ್ದರೆ 4.8 ಸೆಂ.ಮೀ. ಬರಬೇಕಿತ್ತು, ಮೊದಲ ತುಂಡೊಂದೇ ಅದಕ್ಕಿಂತ ಉದ್ದವಿದೆ.

ಕಾರಣ ಇಷ್ಟು: ಮೇಲಿನ ಸಂಖ್ಯೆ, ಅಂದರೆ ಅಂಶ, ಎಣಿಕೆ; ಕೆಳಗಿನದು, ಅಂದರೆ ಛೇದ, ತುಂಡಿನ ಹೆಸರು. ನಮ್ಮ ‘ಮುಕ್ಕಾಲು’ ಪದವನ್ನೇ ಬಿಡಿಸಿ ನೋಡಿ, ಮೂರು ಕಾಲು. ‘ಮೂರು’ ಅಂಶ, ‘ಕಾಲು’ ಛೇದ. ಒಂದು ಕಾಲಿಗೆ ಎರಡು ಕಾಲು ಸೇರಿದರೆ ಮುಕ್ಕಾಲು. ಹೆಸರನ್ನು ಯಾರೂ ಕೂಡುವುದಿಲ್ಲ. ಅರ್ಧಕ್ಕೂ ಮೂರನೇ ಒಂದಕ್ಕೂ ಹೆಸರು ಬೇರೆ ಬೇರೆ. ಎರಡನ್ನೂ 2 ಸೆಂ.ಮೀ.ನ ಆರನೇ ತುಂಡುಗಳಾಗಿ ಕತ್ತರಿಸಿ: ಅದರಲ್ಲಿ 3, ಇದರಲ್ಲಿ 2. ಈಗ ಎಣಿಸಬಹುದು. ಸಮಚ್ಛೇದ ಮಾಡುವುದು ಅಂದರೆ ಈ ಕತ್ತರಿಸುವ ಕೆಲಸವೇ.

ಕಪ್ಪುಹಲಗೆ:
ಒಂದು ಜಾಣ ಪ್ರಶ್ನೆ ಬಂದಿದೆ: ‘ಎರಡು ಪ್ರಶ್ನೆಗಳಲ್ಲಿ ಒಂದು ಸರಿ, ಇನ್ನು ಮೂರರಲ್ಲಿ ಒಂದು ಸರಿ. ಒಟ್ಟು ಐದರಲ್ಲಿ ಎರಡು ಸರಿ ತಾನೇ?’

ಅಳತೆಪಟ್ಟಿ:
ಆ ಎಣಿಕೆ ಸರಿಯೇ, ಮಗುವಿಗೆ ತಪ್ಪು ಅನ್ನಬೇಡಿ. ಆದರೆ ಅಲ್ಲಿ ಪೂರ್ಣವೇ ಬದಲಾಗಿದೆ: ಮೊದಲನೆಯದು 2 ಪ್ರಶ್ನೆಗಳ ಅರ್ಧ, ಎರಡನೆಯದು 3 ಪ್ರಶ್ನೆಗಳ ಮೂರನೇ ಒಂದು, ಉತ್ತರ 5 ಪ್ರಶ್ನೆಗಳಿಗೆ ಸೇರಿದ್ದು. ನಾವು ಕೂಡಿದ್ದು ಒಂದೇ ಅಳತೆಯ ಪಟ್ಟಿಯ ಭಾಗಗಳನ್ನು. ಇನ್ನೊಂದು ಪರೀಕ್ಷೆಯೂ ಇದೆ. 1/2 ಬದಲು ಅದಕ್ಕೇ ಸಮನಾದ 2/4 ಇಟ್ಟು ಅದೇ ರೀತಿ ಸೇರಿಸಲಿ, 3/7 ಬರುತ್ತದೆ. ಅದೇ ಸಂಖ್ಯೆಗಳನ್ನು ಕೂಡಿದರೆ ಒಮ್ಮೆ 2/5, ಒಮ್ಮೆ 3/7 ಆಗಲು ಸಾಧ್ಯವಿಲ್ಲ.

ಬಳಪ:
ಕಾರಣ ತಿಳಿದ ಮೇಲೂ ಕೈ ತಪ್ಪುವ ಜಾಗಗಳಿವೆ.

5/12 + 7/18 ತೆಗೆದುಕೊಳ್ಳಿ. ದೊಡ್ಡ ಛೇದದ ಮಗ್ಗಿ ಹೇಳುತ್ತಾ ಹೋಗಿ: 18ಕ್ಕೆ 12ರಿಂದ ಶೇಷವಿಲ್ಲದೆ ಭಾಗ ಹೋಗದು, 36ಕ್ಕೆ ಹೋಗುತ್ತದೆ. ಅಲ್ಲಿಗೆ ನಿಲ್ಲಿಸಿ. 15/36 + 14/36 = 29/36. ಲ.ಸಾ.ಅ. ಹೊಳೆಯದಿದ್ದರೆ 12 × 18 = 216 ಇಟ್ಟರೂ ತಪ್ಪಲ್ಲ; 174/216 ಬರುತ್ತದೆ, 6ರಿಂದ ಭಾಗಿಸಿದರೆ ಅದೇ 29/36. ಛೇದವನ್ನು 36 ಮಾಡಿ ಅಂಶವನ್ನು 5, 7 ಅಂತಲೇ ಬಿಡುವುದು ಮಾತ್ರ ಖಂಡಿತ ತಪ್ಪು. ತುಂಡು ಚಿಕ್ಕದಾದರೆ ಎಣಿಕೆ ಹೆಚ್ಚಲೇಬೇಕು.

ಮಿಶ್ರ ಭಿನ್ನರಾಶಿ ಕಳೆಯುವಾಗ ಸಾಲ ತೆಗೆದುಕೊಳ್ಳುವುದು ನನಗೆ ಕಾಣುವ ಅತಿ ದೊಡ್ಡ ಗುಂಡಿ. ಐದೂಕಾಲರಲ್ಲಿ ಎರಡು ಪೂರ್ಣ ಮೂರನೇ ಎರಡು ಕಳೆಯಬೇಕು. ಸಮಚ್ಛೇದ ಮಾಡಿದರೆ 3/12ರಲ್ಲಿ 8/12 ಹೋಗದು. 5ರಿಂದ ತಂದ ಒಂದನ್ನು ಮಕ್ಕಳು ಅಭ್ಯಾಸಬಲದಿಂದ 10 ಅಂದುಕೊಂಡು 13/12 ಬರೆಯುತ್ತಾರೆ. ಇಲ್ಲಿ ಒಂದು ಪೂರ್ಣ ಅಂದರೆ 12/12. ಆಗ 15/12ರಲ್ಲಿ 8/12 ಕಳೆದು 7/12, ಪೂರ್ಣಗಳಲ್ಲಿ 4 − 2 = 2. ಉತ್ತರ 2 ಪೂರ್ಣ 7/12.

ಅಡ್ಡಡ್ಡ ಹೊಡೆದುಹಾಕುವುದು ಗುಣಾಕಾರಕ್ಕೆ ಮಾತ್ರ. 3/4 + 2/9ರಲ್ಲಿ 3ನ್ನು 9ರ ಜೊತೆ, 2ನ್ನು 4ರ ಜೊತೆ ಹೊಡೆದರೆ 1/2 + 1/3 ಆಗಿ 5/6 ಬರುತ್ತದೆ. ನಿಜವಾದ ಉತ್ತರ 35/36.

ಅಳತೆಪಟ್ಟಿ:
ಗುಣಾಕಾರ, ಭಾಗಾಕಾರಕ್ಕೂ ಅದೇ ಪಟ್ಟಿ ಸಾಕು. 1/2 × 1/3 ಅಂದರೆ ಮೂರನೇ ಒಂದರಲ್ಲಿ ಅರ್ಧ. 4 ಸೆಂ.ಮೀ. ತುಂಡನ್ನು ಮಡಚಿದರೆ 2 ಸೆಂ.ಮೀ., ಇಡೀ ಪಟ್ಟಿಯ 1/6. ಇಲ್ಲಿ ತುಂಡನ್ನೇ ಮತ್ತೆ ತುಂಡು ಮಾಡುತ್ತಿದ್ದೇವೆ, ಅದಕ್ಕೇ ಛೇದಗಳು ಗುಣಿಸಿಕೊಳ್ಳುತ್ತವೆ.

1/2 ÷ 1/3 ಅಂದರೆ 6 ಸೆಂ.ಮೀ. ತುಂಡಿನಲ್ಲಿ 4 ಸೆಂ.ಮೀ. ತುಂಡು ಎಷ್ಟು ಸಲ ಹಿಡಿಸುತ್ತದೆ ಅಂತ. ಒಂದೂವರೆ ಸಲ, 3/2. ಸಮಚ್ಛೇದ ಮಾಡಿದರೆ 3/6 ÷ 2/6. ಹೆಸರು ಒಂದೇ ಆದ್ದರಿಂದ 3 ÷ 2 ಉಳಿಯಿತು. ಎರಡನೆಯದನ್ನು ತಿರುಗಿಸಿ ಗುಣಿಸಿದಾಗಲೂ ಇದೇ 3, ಇದೇ 2 ಸಿಗುತ್ತವೆ, ಸಮಚ್ಛೇದ ಬರೆಯುವ ಶ್ರಮ ಉಳಿಯುತ್ತದೆ ಅಷ್ಟೇ. ತಪ್ಪಿ ಮೊದಲನೆಯದನ್ನು ತಿರುಗಿಸಿದರೆ 2/3 ಬರುತ್ತದೆ. 6 ಸೆಂ.ಮೀ.ನಲ್ಲಿ 4 ಸೆಂ.ಮೀ. ಒಂದು ಸಲವಾದರೂ ಹಿಡಿಸಲೇಬೇಕು, ಹಾಗಾಗಿ ಒಂದಕ್ಕಿಂತ ಕಡಿಮೆ ಉತ್ತರ ಕಂಡ ಕೂಡಲೇ ಅಲ್ಲಿಗೇ ಹಿಂತಿರುಗಿ ನೋಡಲು ಹೇಳಿ.