ಸಹಾಯ ಬೇಕು: ಸಿಗಡಿಗೆ ಹಿಪ್ಪುನೇರಳೆ ಸೊಪ್ಪು ಹಾಕಬಹುದಾ?

ನಮಸ್ಕಾರ. ಮನೆಯಲ್ಲಿ 40 ಲೀಟರ್ ಅಕ್ವೇರಿಯಂ ಟ್ಯಾಂಕ್ ಇದೆ. ಸುಮಾರು 30 ಚೆರ್ರಿ ಸಿಗಡಿ (ಅಂದಕ್ಕೆ ಸಾಕುವ ಪುಟ್ಟ ಕೆಂಪು ಸಿಗಡಿ), 4 ನೆರೈಟ್ ಬಸವನಹುಳು. ಸೌತೆಕಾಯಿ ಬಿಲ್ಲೆ, ಬಿಸಿನೀರಲ್ಲಿ ಬಾಡಿಸಿದ ಪಾಲಕ್ ಹಾಕುತ್ತಿದ್ದೆ. ಹೋದ ವಾರ ಸೌತೆಕಾಯಿ ತೆಗೆಯೋದು ಮರೆತು ಎರಡು ದಿನ ಊರಿಗೆ ಹೋದೆ. ಬಂದು ನೋಡಿದರೆ ನೀರು ಹಾಲಿನ ಹಾಗೆ, ಐದು ಸಿಗಡಿ ಸತ್ತಿದ್ದವು. ನೆರೈಟ್‌ಗಳಂತೂ ತರಕಾರಿ ಮುಟ್ಟೋದೇ ಇಲ್ಲ, ಅವಕ್ಕೆ ಗಾಜಿನ ಮೇಲಿನ ಪಾಚಿಯೇ ಬೇಕು!

ಒಣಗಿಸಿದ ಹಿಪ್ಪುನೇರಳೆ ಎಲೆ ಅಷ್ಟು ಬೇಗ ನೀರು ಕೆಡಿಸಲ್ಲ ಅಂತಾರೆ. ನಮ್ಮ ಚಿಕ್ಕಪ್ಪ ರಾಮನಗರದ ಹತ್ತಿರ ರೇಷ್ಮೆ ಬೆಳೆಯುತ್ತಾರೆ, ಸೊಪ್ಪಿಗೆ ಬರವಿಲ್ಲ. ಆದರೆ ತಿಂಗಳ ಹಿಂದೆ ತೋಟಕ್ಕೆ ಔಷಧಿ ಹೊಡೆದಿದ್ದಾರೆ. ರೇಷ್ಮೆಹುಳ ತಿಂದು ಚೆನ್ನಾಗಿದ್ದರೆ ಸಿಗಡಿಗೂ ತೊಂದರೆ ಇಲ್ಲ ಅಲ್ವಾ? ತೊಳೆದು ಕುದಿಸಿದರೆ ಸಾಕಾ? ಹಾಕಿ ನೋಡಿದವರು ಹೇಳಿ.