ಎಸ್‌ಟಿಪಿ ಕೆಸರು ತೋಡಿಗೆ ಹೋಗದಂತೆ ಮಾಡೋಣ: ಬಯೋಚಾರ್ ಬಗ್ಗೆ ಚರ್ಚೆ

ಮನೆ 14: ಎಲ್ಲರ ಗಮನಕ್ಕೆ. ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಹಿಂದಿನ ಕೆಸರಿನ ಗುಡ್ಡೆಗೂ ತೋಡಿಗೂ ಈಗ ನಾಲ್ಕು ಮಾರು ಅಂತರವೂ ಇಲ್ಲ. ಜೂನ್ ಮಳೆ ಹಿಡಿದರೆ ಅಷ್ಟೂ ತೋಡಿಗೆ, ಅಲ್ಲಿಂದ ಕಾವೇರಿಗೆ. ಒಣಗಿಸಿ ಬಯೋಚಾರ್ (ಗಾಳಿ ತಾಗದಂತೆ ಸುಟ್ಟ ಇದ್ದಿಲು) ಮಾಡಲು ಮಾರ್ಚ್, ಏಪ್ರಿಲ್ ಎರಡೇ ತಿಂಗಳು ಉಳಿದಿವೆ. ನಡುವೆ ಹೂಮಳೆ ಬಂದರೆ ಮುಚ್ಚಲು ಟಾರ್ಪಾಲು ಬೇಕು.

ಮನೆ 31: ಅಣ್ಣ, ಕೊನೆಗೆ ಎಷ್ಟು ಸಿಗುತ್ತೆ?

ಮನೆ 14: ಕಡಿಮೆಯೇ. ತೊಟ್ಟಿಯಿಂದ ತೆಗೆದ ಕೆಸರಲ್ಲಿ ನೂರಕ್ಕೆ 97 ಪಾಲು ನೀರು. 1000 ಲೀಟರಿಗೆ ಒಣ ಪದಾರ್ಥ 30 ಕೆಜಿ, ಅದರಿಂದ ಬಯೋಚಾರ್ ಸುಮಾರು 15 ಕೆಜಿ. ಒಣಗಿಸುವ ಅಂಕಣಕ್ಕೆ ಕೆಳಗೆ ಜಲ್ಲಿ, ಮೇಲೆ ಮರಳು. ಕೆಸರು 20 ಸೆಂ.ಮೀ. ದಾಟಿದರೆ ಮೇಲ್ಪದರ ಮಾತ್ರ ಒಣಗಿ ಒಳಗೆ ಕೊಳೆತು ನಾರುತ್ತೆ. ಬಸಿದ ನೀರು ಎಸ್‌ಟಿಪಿಗೇ ವಾಪಸ್ ಹೋಗಬೇಕು.

ಮನೆ 22: ತೇವ 10-15 ಪಾಲಿಗೆ ಇಳಿಯದೆ ಸುಡುವ ಡ್ರಮ್ಮಿಗೆ ಹಾಕಬೇಡಿ. ಹಸಿ ಇದ್ದರೆ ನೀರು ಆರುವವರೆಗೂ ಶಾಖ 100 ಡಿಗ್ರಿ ದಾಟಲ್ಲ. ಬರೀ ಬಿಳಿ ಹೊಗೆ, ಗಬ್ಬು ವಾಸನೆ. 200 ಲೀಟರ್ ಡ್ರಮ್ಮಿಗೆ ಬಿಗಿ ಮುಚ್ಚಳ ಹಾಕಿ, ತಳದಲ್ಲಿ ಸಣ್ಣ ತೂತು ಬಿಡಿ. ಸುತ್ತ ಇಟ್ಟಿಗೆ ಗೂಡು, ಉರಿಗೆ ಸಿಲ್ವರ್ ಓಕ್ ಕೊಂಬೆ. ತೂತಿನಿಂದ ಬರುವ ಅನಿಲ ಆ ಬೆಂಕಿಯಲ್ಲೇ ಉರಿಯಬೇಕು. ಅದರಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತೆ, ಹಾಗಾಗಿ ಶೆಡ್ಡಿನೊಳಗೆ ಖಂಡಿತ ಬೇಡ. 500-600 ಡಿಗ್ರಿಯಲ್ಲಿ ಒಂದು ಗಂಟೆಯಾದರೂ ನಿಲ್ಲಬೇಕು. ಅಂದಾಜು ಸಾಲದು, ಶಾಖ ಅಳೆಯಲು ಥರ್ಮೋಕಪಲ್ ಇಡಿ. ಆಮೇಲೆ ಒಂದು ಹೆಂಟೆ ಮುರಿದು ನೋಡಿ: ನಡುವೆ ಕಂದು ಬಣ್ಣವಿದ್ದರೆ, ಬೆರಳಿಗೆ ಜಿಡ್ಡು ಅಂಟಿದರೆ ಬೆಂದಿಲ್ಲ. ನೀರು ಹಾಕಿ ಆರಿಸಿ ಒಂದು ದಿನ ಬಯಲಲ್ಲೇ ಬಿಡಿ. ಒಳಗೆ ಕಿಡಿ ಉಳಿದಿದ್ದರೆ ಚೀಲದಲ್ಲಿ ಮತ್ತೆ ಹೊತ್ತಿಕೊಳ್ಳುತ್ತೆ.

ಮನೆ 9: ಡ್ರಮ್ ತರುವ ಮೊದಲೇ ಒಂದು ಮಾತು. ರೋಗಾಣು ಬೆಂಕಿಗೆ ಸಾಯುತ್ತೆ, ಲೋಹ ಸಾಯಲ್ಲ. ಪಾದರಸ ಬಹುಪಾಲು ಆವಿಯಾಗಿ ಗಾಳಿಗೆ ಹೋಗುತ್ತೆ, ಅದೂ ಒಳ್ಳೆಯದಲ್ಲ. ಉಳಿದ ಲೋಹಗಳು ಅರ್ಧ ತೂಕದಲ್ಲಿ ಸಾಂದ್ರವಾಗುತ್ತವೆ. ಒಣ ಕೆಸರಲ್ಲಿ ಕೆಜಿಗೆ 700 ಮಿ.ಗ್ರಾಂ. ಸತು ಇದ್ದರೆ ಬಯೋಚಾರಲ್ಲಿ 1400 ಆಗುತ್ತೆ. 1985ರ ರಸಗೊಬ್ಬರ ನಿಯಂತ್ರಣ ಆದೇಶ ನಗರದ ಕಾಂಪೋಸ್ಟಿಗೆ ಕೊಟ್ಟಿರುವ ಮಿತಿ ಸತುವಿಗೆ 1000, ಸೀಸಕ್ಕೆ 100, ಕ್ಯಾಡ್ಮಿಯಂಗೆ 5. ಅದನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಗುಡ್ಡೆಯ ಹತ್ತು ಕಡೆಯಿಂದ ತೆಗೆದು ಬೆರೆಸಿ, ಒಂದು ಕೆಜಿ ಲ್ಯಾಬಿಗೆ ಕಳಿಸಿ. ಮೀರಿದರೆ ಈ ಯೋಜನೆ ಕೈಬಿಡಬೇಕು. ಮಿತಿಯೊಳಗೆ ಬಂದರೂ ಸೊಪ್ಪು, ಗೆಡ್ಡೆಗೆ ಹಾಕಲು ನಾನು ಒಪ್ಪಲ್ಲ.

ಮನೆ 31: ಅಕ್ಕ, ಹೂವಿನ ಗಿಡಕ್ಕೆ?

ಮನೆ 9: ಹಾಕಬಹುದು, ಆದರೆ ಗೊಬ್ಬರ ಅಂದುಕೊಳ್ಳಬೇಡಿ. ಸಾರಜನಕ ಬಹುಪಾಲು ಸುಡುವಾಗಲೇ ಹೋಗಿರುತ್ತೆ, ರಂಜಕ ಉಳಿದಿದ್ದರೂ ನಿಧಾನಕ್ಕೆ ಬಿಡುತ್ತೆ. ಕಾಂಪೋಸ್ಟ್ ಜೊತೆ ಸಮ ಬೆರೆಸಿ, ಗಂಜಲ ಚಿಮುಕಿಸಿ ಮೂರು ವಾರ ಇಡಿ. ಹಾಗೇ ಹಾಕಿದರೆ ಮಣ್ಣಿನ ಸಾರಜನಕ ಹಿಡಿದುಕೊಂಡು ಎಲೆ ಬಿಳಿಚಿಕೊಳ್ಳಬಹುದು. ಚದರ ಮೀಟರಿಗೆ ಬಯೋಚಾರ್ ಅರ್ಧ ಕೆಜಿ ಸಾಕು, ಗೇಣುದ್ದ ಆಳಕ್ಕೆ ಬೆರೆಸಿ ದರಗು ಹೊದಿಸಿ. ಇಳಿಜಾರಲ್ಲಿ ಹಾಗೇ ಎರಚಿದರೆ ಮಳೆಗೆ ತೇಲಿ ಹೋಗುತ್ತೆ. ನಮ್ಮ ಹುಳಿ ಮಣ್ಣಿಗೆ ಇದರ ಕ್ಷಾರ ಒಳ್ಳೆಯದೇ. ಅಜೇಲಿಯಾ ಬುಡಕ್ಕೆ ಮಾತ್ರ ಬೇಡ, ಅದಕ್ಕೆ ಹುಳಿಯೇ ಬೇಕು. ನೀಲಿ ಹೈಡ್ರೇಂಜಿಯಾ ಗುಲಾಬಿಗೆ ತಿರುಗಬಹುದು.

ಮನೆ 14: ಹಾಗಾದರೆ ಸ್ಯಾಂಪಲ್ ಮೊದಲು. ಮಾಲಿನ್ಯ ನಿಯಂತ್ರಣ ಮಂಡಳಿಗೆ ಪತ್ರ ನಾನು ಬರೆಯುತ್ತೇನೆ, ಒಪ್ಪಿಗೆ ಬರುವವರೆಗೆ ಬೆಂಕಿ ಇಲ್ಲ. ಗುಡ್ಡೆ ಮಾತ್ರ ಕಾಯುವಂತಿಲ್ಲ. ಶನಿವಾರ ಬೆಳಿಗ್ಗೆ 8ಕ್ಕೆ ತೋಡಿನ ಕಡೆಯಿಂದ ಮೇಲಕ್ಕೆ ಎಳೆದು ಬದು ಹಾಕೋಣ. ಗಂಬೂಟು, ರಬ್ಬರ್ ಕೈಗವಸು, ಮಾಸ್ಕ್ ಇಲ್ಲದವರು ಇಳಿಯಬೇಡಿ.

ಮನೆ 22: ಎರಡು ಗುದ್ದಲಿ, ಟಾರ್ಪಾಲು ನನ್ನದು.