ಮುಂಬೈಯ ಸಿಎಸ್‌ಎಂಟಿ ನಿಲ್ದಾಣವನ್ನು ಅರ್ಧ ದಿನದಲ್ಲಿ ನೋಡುವುದು ಹೇಗೆ?

ಮಾಳಮಡ್ಡಿ, ಧಾರವಾಡ:

ಎಲ್ಲರಿಗೂ ನಮಸ್ಕಾರ. ನಮ್ಮ ತಂದೆಯವರು ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿ 34 ವರ್ಷ ದುಡಿದು ನಿವೃತ್ತರಾದವರು. ಸೇವೆಯಲ್ಲಿದ್ದಾಗ ಎರಡು ಸಲ ಮುಂಬೈಗೆ ಹೋಗಿದ್ದರೂ ದಾದರಿನಲ್ಲಿ ಇಳಿದು, ಪರೇಲಿನ ವರ್ಕ್‌ಶಾಪಿನಲ್ಲಿ ಕೆಲಸ ಮುಗಿಸಿ, ಅದೇ ರಾತ್ರಿಯ ಗಾಡಿಗೆ ಮರಳಿದ್ದರಿಂದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ಕಟ್ಟಡವನ್ನು ಕಣ್ಣಾರೆ ನೋಡುವ ಯೋಗ ಅವರಿಗೆ ಕೂಡಿಬರಲಿಲ್ಲ. ಈಗ ಅವರಿಗೆ 71 ವರ್ಷ. ಮೊಳಕಾಲು ನೋವಿದೆ, ಮೆಟ್ಟಿಲು ಹತ್ತುವುದು ಕಷ್ಟ. ಬರುವ ತಿಂಗಳು ಸಂಬಂಧಿಕರ ಮದುವೆಗೆಂದು ಠಾಣೆಗೆ ಹೋಗುವವರಿದ್ದೇವೆ. ಅದರಲ್ಲಿ ಅರ್ಧ ದಿನವನ್ನು ಈ ನಿಲ್ದಾಣಕ್ಕೆಂದೇ ತೆಗೆದಿಟ್ಟಿದ್ದೇನೆ.

ನನ್ನ ಪ್ರಶ್ನೆ ಇಷ್ಟೇ: ಗಾಡಿ ಹಿಡಿಯಲು ಹೋಗದೆ ಕಟ್ಟಡ ನೋಡಲೆಂದೇ ಹೋಗುವವರು ಎಲ್ಲಿ ನಿಲ್ಲಬೇಕು, ಯಾವ ಹೊತ್ತಿಗೆ ಹೋಗಬೇಕು, ಒಳಗೆ ಎಷ್ಟರ ಮಟ್ಟಿಗೆ ಬಿಡುತ್ತಾರೆ? ನೋಡಿ ಬಂದವರು ದಯವಿಟ್ಟು ತಿಳಿಸಿ.

ಕೇಶ್ವಾಪುರ, ಹುಬ್ಬಳ್ಳಿ:

ಮೊದಲು ಹೊತ್ತಿನ ಮಾತು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಊರಿನ ಜನವೆಲ್ಲ ಆ ನಿಲ್ದಾಣದ ಕಡೆಗೇ ಹರಿದುಬರುತ್ತದೆ. ನಾನು ಒಮ್ಮೆ ದಾದರಿನಿಂದ ಆ ಹೊತ್ತಿನಲ್ಲಿಯೇ ಎರಡು ಚೀಲ ಹಿಡಿದು ಲೋಕಲ್ ಹತ್ತಿದ್ದೆ. ಇಳಿದದ್ದು ನಾನಲ್ಲ, ಹಿಂದಿದ್ದವರು ನನ್ನನ್ನು ಇಳಿಸಿದರು ಎಂದರೆ ಸರಿಯಾದೀತು. ಚೀಲದ ಹಿಡಿಕೆಯೊಂದು ಕೈಯಲ್ಲಿ ಉಳಿಯಿತು, ಚೀಲ ಉಳಿಯಲಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗುವುದಾದರೆ ಮಧ್ಯಾಹ್ನ ಹನ್ನೆರಡರ ನಂತರ ಹೋಗಿ, ಸಂಜೆ ಐದರೊಳಗೆ ಹೊರಬೀಳುವುದು ಲೇಸು. ಸಾಮಾನಿದ್ದರೆ ನಿಲ್ದಾಣದಲ್ಲಿಯೇ ಕ್ಲೋಕ್ ರೂಮ್ ಇದೆ.

ಇನ್ನು ನಿಲ್ಲುವ ಜಾಗ. ನೇರವಾಗಿ ಒಳಗೆ ನುಗ್ಗಬೇಡಿ, ಒಳಗಿದ್ದವರಿಗೆ ಆ ಕಟ್ಟಡ ಕಾಣಿಸುವುದೇ ಇಲ್ಲ. ಟ್ಯಾಕ್ಸಿಯಲ್ಲಿ ಹೋಗಿ ರಸ್ತೆಯ ಆಚೆ, ಮಹಾನಗರ ಪಾಲಿಕೆಯ ಕಟ್ಟಡದ ಮಗ್ಗುಲಲ್ಲಿ ಇಳಿಯಿರಿ. ಅಲ್ಲಿಂದ ಇಡೀ ಮುಂಭಾಗ ಒಂದೇ ನೋಟಕ್ಕೆ ಸಿಗುತ್ತದೆ: ನಡುವೆ ಗುಮ್ಮಟ, ಎರಡೂ ಕಡೆ ಚಾಚಿಕೊಂಡ ರೆಕ್ಕೆಗಳು, ಅವುಗಳ ನಡುವಿನ ಅಂಗಳ. ಪಾಲಿಕೆಯ ಕಟ್ಟಡವನ್ನೂ ನಿಲ್ದಾಣವನ್ನೂ ರೂಪಿಸಿದವರು ಒಬ್ಬರೇ, ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಎಂಬ ವಾಸ್ತುಶಿಲ್ಪಿ. ಆದ್ದರಿಂದ ಅಲ್ಲಿ ನಿಂತವರಿಗೆ ಹಿಂದೊಂದು, ಮುಂದೊಂದು ಅವರ ಕೆಲಸವೇ. ರಸ್ತೆ ದಾಟಲು ಇರುವ ಸುರಂಗಮಾರ್ಗಕ್ಕೆ ಮೆಟ್ಟಿಲುಗಳಿವೆ. ಮೊಳಕಾಲಿನ ವಿಷಯ ಹೇಳಿದ್ದೀರಿ, ಅದಕ್ಕೇ ಮೊದಲು ಆಚೆ ಬದಿ ಮುಗಿಸಿ ಎಂದೆ.

ಒಳಗೆ ಹೋದ ಮೇಲೆ ಲೋಕಲ್ ಟಿಕೆಟ್ ಕೊಡುವ ಹಜಾರವನ್ನು ತಪ್ಪಿಸಬೇಡಿ. ಅದಕ್ಕೆ ಸ್ಟಾರ್ ಚೇಂಬರ್ ಎಂದು ಹೆಸರು. ನೀಲಿ ಚಾವಣಿಯ ಮೇಲೆ ಚಿನ್ನದ ಬಣ್ಣದ ನಕ್ಷತ್ರಗಳಿವೆ, ಕೆಳಗೆ ನೂರಾರು ಜನ ಚಿಲ್ಲರೆ ಎಣಿಸುತ್ತ ಸಾಲಿನಲ್ಲಿ ನಿಂತಿರುತ್ತಾರೆ. ಕಂಬದ ಪಕ್ಕಕ್ಕೆ ಸರಿದು ಐದು ನಿಮಿಷ ನಿಂತು ನೋಡಿ. ಗುಮ್ಮಟದ ಕೆಳಗಿನ ಭಾಗ ಮಧ್ಯ ರೈಲ್ವೆಯ ಪ್ರಧಾನ ಕಚೇರಿಯಾದ್ದರಿಂದ ಬೇಕೆಂದಾಗ ಹೋಗಲಾಗದು. ಕೆಲಸದ ದಿನಗಳಲ್ಲಿ ಮಧ್ಯಾಹ್ನದ ನಂತರ ಟಿಕೆಟ್ ಪಡೆದು ಅಲ್ಲಿನ ಪಾರಂಪರಿಕ ಸಂಗ್ರಹಾಲಯವನ್ನೂ ದೊಡ್ಡ ಮೆಟ್ಟಿಲಸಾಲನ್ನೂ ನೋಡುವ ವ್ಯವಸ್ಥೆಯಿದೆ. ಸಮಯ ಮತ್ತು ದರ ಬದಲಾಗುತ್ತಿರುತ್ತವೆ, ಹೋಗುವ ಮುನ್ನ ವಿಚಾರಿಸಿಕೊಳ್ಳಿ.

ಬೆಟಗೇರಿ, ಗದಗ:

ನಮ್ಮ ಊರಿನ ಅನುಕೂಲವೊಂದನ್ನು ಹೇಳದೆ ಬಿಡಲಾರೆ. ಹುಬ್ಬಳ್ಳಿಯ ದಾದರ ಗಾಡಿ ದಾದರಿನಲ್ಲಿಯೇ ನಿಲ್ಲುತ್ತದೆ. ಹೊಸಪೇಟೆಯಿಂದ ಹೊರಟು ಗದಗ, ಬಾಗಲಕೋಟೆ, ವಿಜಯಪುರ, ಸೊಲ್ಲಾಪುರದ ಮೇಲೆ ಹಾಯುವ ಎಕ್ಸ್‌ಪ್ರೆಸ್ ಮಾತ್ರ ಸಿಎಸ್‌ಎಂಟಿಯ ಒಳಗೇ ಹೋಗಿ ನಿಲ್ಲುತ್ತದೆ. ದಾರಿ ಸುತ್ತು, ನಿಜ; ಆದರೆ ಅದು ಹಳಿ ಕೊನೆಗೊಳ್ಳುವ ನಿಲ್ದಾಣವಾದ್ದರಿಂದ ಗಾಡಿಯಿಂದ ಇಳಿದವರು ಸೇತುವೆ ಹತ್ತದೆ, ಮೆಟ್ಟಿಲಿಳಿಯದೆ, ಪ್ಲಾಟ್‌ಫಾರ್ಮಿನ ತುದಿಯವರೆಗೆ ಸಮತಟ್ಟಾಗಿ ನಡೆದು ಹೊರಗೆ ಬರಬಹುದು. ಒಟ್ಟು 18 ಪ್ಲಾಟ್‌ಫಾರ್ಮುಗಳು, ಅದರಲ್ಲಿ 7 ಲೋಕಲ್ ಗಾಡಿಗಳಿಗೆ.

ಫಿಟ್ಟರ್ ಆಗಿದ್ದವರಿಗೆ ರುಚಿಸುವ ಸಂಗತಿ ಗುಮ್ಮಟದಲ್ಲಿದೆ. ಅದು ಎಂಟು ಮುಖದ ಕಲ್ಲಿನ ಗುಮ್ಮಟ. ಅದರ ಪಕ್ಕೆಲುಬುಗಳಂಥ ಕಮಾನುಗಳನ್ನು ಒಂದರೊಳಗೊಂದು ಕಚ್ಚಿಕೊಳ್ಳುವಂತೆ ಜೋಡಿಸಿ, ಕೆಳಗಿನಿಂದ ಸೆಂಟ್ರಿಂಗ್ ಕೊಡದೆ ಕಟ್ಟಿದ್ದು ಆ ಕಾಲಕ್ಕೆ ಹೊಸ ಸಾಧನೆ ಎನಿಸಿತ್ತು. ಈಗ ಮನೆಯ ಮೇಲಿನ ಸಣ್ಣ ಸ್ಲ್ಯಾಬ್ ಹಾಕಲೂ ಎಷ್ಟು ಕಂಬ, ಎಷ್ಟು ಹಲಗೆ ನಿಲ್ಲಿಸುತ್ತೇವೆ ಎಂಬುದನ್ನು ನೆನೆದರೆ ಇದರ ತೂಕ ತಿಳಿಯುತ್ತದೆ. ಕೆಲಸ 1878ರಲ್ಲಿ ಆರಂಭವಾಗಿ ಹತ್ತು ವರ್ಷ ಹಿಡಿಯಿತು, ಸುಮಾರು 16 ಲಕ್ಷ ರೂಪಾಯಿ ಖರ್ಚಾಯಿತು.

ಕೆತ್ತನೆಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಬಹಳಷ್ಟನ್ನು ಮಾಡಿದವರು ಮುಂಬೈಯ ಜೆ.ಜೆ. ಕಲಾಶಾಲೆಯ ವಿದ್ಯಾರ್ಥಿಗಳು. ನವಿಲು, ಮಂಗ, ಎಲೆಬಳ್ಳಿಗಳು ಕಂಬಗಳ ತಲೆಗಳಲ್ಲಿ, ಕಮಾನುಗಳ ಸಂದಿಗಳಲ್ಲಿ ಹುದುಗಿವೆ. ಲಕ್ಕುಂಡಿಯ ಕಾಶಿ ವಿಶ್ವೇಶ್ವರ ಗುಡಿಯ ಬಾಗಿಲವಾಡವನ್ನು ನೋಡಿ ಬೆಳೆದ ನಮಗೆ ಈ ಕೆತ್ತನೆ ಸ್ವಲ್ಪ ಒರಟೆನಿಸೀತು, ನನಗಂತೂ ಹಾಗೆಯೇ ಅನಿಸಿತು. ಆದರೆ ಇಲ್ಲಿಯ ಗೋಡೆಗಳ ಸೋರುಬಾಯಿಗಳಲ್ಲಿ ಬಾಯ್ತೆರೆದು ಕುಳಿತ ವಿಕಾರ ಪ್ರಾಣಿಗಳನ್ನು ಕಂಡಾಗ ನಮ್ಮ ಗುಡಿಗಳ ಮಕರಬಾಯಿಯೇ ಊರು ಬಿಟ್ಟು ಹೋಗಿ ವೇಷ ಬದಲಿಸಿದಂತೆ ಕಂಡಿತು.

ವಿದ್ಯಾನಗರ, ಹುಬ್ಬಳ್ಳಿ:

1853ರಲ್ಲಿ ದೇಶದ ಮೊದಲ ಪ್ರಯಾಣಿಕರ ರೈಲು ಇದೇ ಕಟ್ಟಡದಿಂದ ಠಾಣೆಗೆ ಹೊರಟಿತು ಎಂಬುದನ್ನು ತಂದೆಯವರಿಗೆ ಮರೆಯದೆ ಹೇಳಿ. ಗುಮ್ಮಟದ ತುದಿಯಲ್ಲಿ ಪಂಜು ಹಿಡಿದು ನಿಂತ ವಿಕ್ಟೋರಿಯಾ ರಾಣಿಯ ಮೂರ್ತಿಯನ್ನೂ ತೋರಿಸಿ. ಹೋಗುವ ಮೊದಲು ಹುಬ್ಬಳ್ಳಿಯ ಗದಗ ರಸ್ತೆಯ ರೈಲ್ವೆ ಮ್ಯೂಸಿಯಂ ನೋಡಿಕೊಂಡರೆ ಉತ್ತಮ.

ಹಾವೇರಿ, ನಿವೃತ್ತ ಶಿಕ್ಷಕ:

ಮೇಲಿನ ಮಹನೀಯರು ಬೇಸರಪಟ್ಟುಕೊಳ್ಳಬಾರದು, ಎರಡು ತಿದ್ದುಪಡಿಗಳು ಅಗತ್ಯ. 1853ರ ಏಪ್ರಿಲ್ 16ರಂದು ಆ ಗಾಡಿ ಹೊರಟದ್ದು ಇಲ್ಲಿ ಮೊದಲಿದ್ದ ಬೋರಿಬಂದರ್ ಎಂಬ ಹಳೆಯ ನಿಲ್ದಾಣದಿಂದ. ಆಗ ಈ ಕಟ್ಟಡದ ಒಂದು ಕಲ್ಲೂ ಅಲ್ಲಿ ಬಿದ್ದಿರಲಿಲ್ಲ. ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷವಾದ 1887ರಲ್ಲಿ ಈ ನಿಲ್ದಾಣಕ್ಕೆ ವಿಕ್ಟೋರಿಯಾ ಟರ್ಮಿನಸ್ ಎಂಬ ಹೆಸರು ಬಂದಿತು. ಮುಂದೆ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಎಂದಾಗಿ, 2017ರಲ್ಲಿ ಅದಕ್ಕೆ ‘ಮಹಾರಾಜ’ ಎಂಬ ಪದ ಸೇರಿತು. ಹೆಸರು ಬದಲಾದರೂ ಊರಿನ ಹಳಬರು ಈಗಲೂ ವಿ.ಟಿ. ಎನ್ನುತ್ತಾರೆ, ಟ್ಯಾಕ್ಸಿಯವರಿಗೂ ಅದೇ ಬೇಗ ಅರ್ಥವಾಗುತ್ತದೆ.

ಗುಮ್ಮಟದ ಮೇಲಿರುವುದು ರಾಣಿಯಲ್ಲ. ಅದು ‘ಪ್ರಗತಿ’ಯನ್ನು ಹೆಣ್ಣಾಗಿ ರೂಪಿಸಿದ ಮೂರ್ತಿ, ಬಲಗೈಯಲ್ಲಿ ಮೇಲೆತ್ತಿದ ಪಂಜು, ಎಡಗೈಯಲ್ಲಿ ಕಡ್ಡಿಗಳುಳ್ಳ ಗಾಲಿ. ರಾಣಿಯ ಮೂರ್ತಿ ಮುಂಭಾಗದಲ್ಲಿ, ಗಡಿಯಾರದ ಕೆಳಗಿನ ಗೂಡಿನಲ್ಲಿತ್ತು. ಅದನ್ನು ತೆಗೆದು ಬಹಳ ವರ್ಷಗಳಾದವು, ಗೂಡು ಮಾತ್ರ ಉಳಿದಿದೆ. ಹೆಬ್ಬಾಗಿಲಿನ ಕಂಬಗಳ ಮೇಲೆ ಒಂದು ಕಡೆ ಸಿಂಹ, ಇನ್ನೊಂದು ಕಡೆ ಹುಲಿ ಕುಳಿತಿವೆ: ಸಿಂಹ ಬ್ರಿಟನ್ನಿಗೆ, ಹುಲಿ ಭಾರತಕ್ಕೆ. ಮುಂಭಾಗದ ದುಂಡನೆಯ ಉಬ್ಬುಚಿತ್ರಗಳಲ್ಲಿ ರೈಲ್ವೆ ಕಂಪನಿಯ ನಿರ್ದೇಶಕರ ಮುಖಗಳಿವೆ. ಆ ಆಂಗ್ಲರ ನಡುವೆ ಜಮ್ಶೆಟ್‌ಜಿ ಜೀಜೀಭಾಯ್ ಮತ್ತು ಜಗನ್ನಾಥ ಶಂಕರಶೇಟರ ಮುಖಗಳನ್ನು ಹುಡುಕಿ. ಶಂಕರಶೇಟರ ಪೇಟದಿಂದ ಗುರುತು ಹಿಡಿಯಬಹುದು.

ಇವೆಲ್ಲ ಬರಿಗಣ್ಣಿಗೆ ಚುಕ್ಕೆಗಳಂತೆ ಕಾಣುವಷ್ಟು ಎತ್ತರದಲ್ಲಿವೆ. ರಾಣೆಬೆನ್ನೂರಿಗೆ ಕೃಷ್ಣಮೃಗ ನೋಡಲು ಹೋಗುವಾಗ ಒಯ್ಯುವ ದುರ್ಬೀನನ್ನು ನಾನು ಅಲ್ಲಿಗೂ ಒಯ್ದಿದ್ದೆ. ಅದಿಲ್ಲದಿದ್ದರೆ ಅರ್ಧ ಕಟ್ಟಡವನ್ನು ನೋಡಿದಂತಾಗುತ್ತಿರಲಿಲ್ಲ. ಆದರೆ ಅದನ್ನು ರಸ್ತೆಯ ಆಚೆಯಿಂದ ಬಳಸಿ. 2008ರ ನವೆಂಬರ್ 26ರ ದಾಳಿಯ ನಂತರ ನಿಲ್ದಾಣದೊಳಗೆ ಕಾವಲು ಬಿಗಿಯಾಗಿದೆ, ಪ್ಲಾಟ್‌ಫಾರ್ಮಿನಲ್ಲಿ ನಿಂತು ದುರ್ಬೀನು ಹಿಡಿದರೆ ಯಾರಾದರೂ ಬಂದು ಕೇಳುವುದು ಸಹಜ. ಮ್ಯೂಸಿಯಂ ಕುರಿತ ಸಲಹೆಗೆ ನನ್ನ ಪೂರ್ಣ ಸಮ್ಮತಿಯಿದೆ.

ಮಾಳಮಡ್ಡಿ, ಧಾರವಾಡ:

ಎಲ್ಲರಿಗೂ ಋಣಿಯಾಗಿದ್ದೇನೆ. ನಿಮ್ಮೆಲ್ಲರ ಉತ್ತರಗಳನ್ನು ನಿನ್ನೆ ರಾತ್ರಿ ಊಟದ ನಂತರ ಅಪ್ಪನಿಗೆ ಓದಿ ಹೇಳಿದೆ. ಸುತ್ತಾದರೂ ಚಿಂತೆಯಿಲ್ಲ, ಗದಗಿನ ಮೇಲೆಯೇ ಹೋಗೋಣ ಎಂದರು. ಅವರಿಗೆ ನಿವೃತ್ತರ ಪಾಸ್ ಇರುವುದರಿಂದ ಸುತ್ತಿನ ಖರ್ಚು ನನ್ನ ಟಿಕೆಟಿಗೆ ಮಾತ್ರ. ಗುಮ್ಮಟದ ವಿಷಯ ಬಂದಾಗ ಎದ್ದು ಕುಳಿತು ಎರಡೂ ಕೈಗಳ ಬೆರಳುಗಳನ್ನು ಒಂದರೊಳಗೊಂದು ಹೆಣೆದು, “ಹೀಗೆ ಕಚ್ಚಿಸಿದ್ದಾರೇನು?” ಎಂದು ಕೇಳಿದರು. ಆ ಜೋಡಣೆ ಕೆಳಗಿನಿಂದ ಕಾಣುತ್ತದೆಯೇ ಎಂದು ಬೆಟಗೇರಿಯವರನ್ನು ಕೇಳಿ ತಿಳಿಸಬೇಕಂತೆ.

ಬೆಟಗೇರಿ, ಗದಗ:

ಜೋಡಣೆ ನನ್ನ ಕಣ್ಣಿಗೆ ಬೀಳಲಿಲ್ಲ, ಪಕ್ಕೆಲುಬುಗಳು ಮಾತ್ರ ಹೊರಗಿನಿಂದ ಎದ್ದು ಕಾಣುತ್ತವೆ. ನಾನು ನೋಡಿದ್ದು ಬರಿಗಣ್ಣಿನಿಂದ. ಹಾವೇರಿಯವರು ಹೇಳಿದ ದುರ್ಬೀನನ್ನು ಅಪ್ಪನವರ ಕೈಗೆ ಕೊಟ್ಟು ನೋಡಿ. ಫಿಟ್ಟರ ಕಣ್ಣಿಗೆ ಏನು ಕಂಡಿತೆಂದು ಮರಳಿದ ಮೇಲೆ ಇಲ್ಲಿಯೇ ಬರೆಯಿರಿ.